ದೀಪಧಾರಿಣಿಯ ಲೆಕ್ಕದ ಪುಸ್ತಕ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆಲ್ಲ ಶಾಲೆಯಲ್ಲಿ ಓದಿದ ದೀಪಧಾರಿಣಿ. ಅವರು ಸಂಖ್ಯಾಶಾಸ್ತ್ರಜ್ಞೆಯೂ ಹೌದೆಂದು ನನಗೆ ತಿಳಿದದ್ದು ಬಿ.ಇ. ಮುಗಿಸಿ ಎಷ್ಟೋ ವರ್ಷಗಳ ಮೇಲೆ, ಅದೂ ತಂಗಿಯ ದೆಸೆಯಿಂದ. ಎಂ.ಬಿ.ಬಿ.ಎಸ್. ಮುಗಿಸಿ ಪಿ.ಜಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಅವಳಿಗೆ ಸಂಖ್ಯಾಶಾಸ್ತ್ರದ ಸೂತ್ರಗಳೆಲ್ಲ ಬಾಯಿಪಾಠ. ಆದರೆ ಛೇದದಲ್ಲಿ ಯಾರನ್ನು ಇಡಬೇಕೆಂಬುದೇ ಗೊಂದಲ. ಸತ್ತವರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಬೇಕೋ, ಜನಸಂಖ್ಯೆಯಿಂದಲೋ? ಅವಳಿಗೆ ಹೇಳಿಕೊಡಲು ಉದಾಹರಣೆ ಹುಡುಕುವಾಗ ನನಗೆ ಸಿಕ್ಕವರು ನೈಟಿಂಗೇಲ್.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದರು. ಚಿಕ್ಕಂದಿನಿಂದ ಗಣಿತವೆಂದರೆ ಪ್ರೀತಿ. ಮನೆಯವರ ವಿರೋಧವಿದ್ದರೂ ದಾದಿಯಾದರು. ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರ್‌ನಲ್ಲಿ, 38 ದಾದಿಯರೊಡನೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಆರೈಕೆಯೇನೋ ಹಗಲಿರುಳು ನಡೆಯಿತು. ಸಾವು ಮಾತ್ರ ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು 42 ಮಂದಿ ತೀರಿಕೊಂಡರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೊಳೆಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಇಂಗ್ಲೆಂಡಿಗೆ ಮರಳಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಲೆಕ್ಕ ತೆಗೆದರು. ಹೆಚ್ಚಿನ ಸೈನಿಕರನ್ನು ಕೊಂದದ್ದು ಗುಂಡಲ್ಲ, ತಡೆಯಬಹುದಾಗಿದ್ದ ರೋಗ ಎಂದು ಕಂಡುಬಂತು. 1858ರಲ್ಲಿ ಅದನ್ನೇ ಹೂವಿನಂತಹ ನಕ್ಷೆ ಮಾಡಿದರು: ತಿಂಗಳಿಗೊಂದು ಎಸಳು, ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು. ತಾವೇ ದುಡಿದ ಆಸ್ಪತ್ರೆಯ ಆ ಚಳಿಗಾಲದ ಸಾವುಗಳನ್ನೂ ಮುಚ್ಚಿಡಲಿಲ್ಲ. ನಾವು ಸಾಫ್ಟ್‌ವೇರ್‌ನವರು ಒಂದು ಸಾಲು ಕೋಡಿನ ತಪ್ಪು ಒಪ್ಪಲೂ ಹಿಂದೆಮುಂದೆ ನೋಡುತ್ತೇವೆ.

ಶಾಂತಿಕಾಲದ ಸೈನಿಕರ ಸಾವನ್ನು ಅವರು ಇಡೀ ದೇಶದ ಜನರೊಡನೆ ಹೋಲಿಸಲಿಲ್ಲ. ಅದೇ ವಯಸ್ಸಿನ ಸಾಮಾನ್ಯ ಗಂಡಸರೊಡನೆ ಹೋಲಿಸಿದರು. ಸೈನಿಕರ ಸಾವು ಹೆಚ್ಚುಕಡಿಮೆ ಎರಡರಷ್ಟಿತ್ತು. ಹಸುಗೂಸುಗಳನ್ನೂ ಮುದುಕರನ್ನೂ ಸೇರಿಸಿದ್ದರೆ ಆ ಅಂತರ ಮರೆಯಾಗುತ್ತಿತ್ತು. ತಂಗಿ ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ನೈಟಿಂಗೇಲ್ ಭಾರತಕ್ಕೆ ಬರಲೇ ಇಲ್ಲ. ಆದರೂ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ಮಾಹಿತಿ ತರಿಸಿಕೊಂಡರು. 1863ರ ಆಯೋಗದ ವರದಿಯಂತೆ ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಸಾವು. ಸ್ಕುಟಾರಿಯ ಲೆಕ್ಕದಲ್ಲಿ ಛೇದ ಚಿಕಿತ್ಸೆ ಪಡೆದವರು. ಇಲ್ಲಿ ಛೇದ ಆರೋಗ್ಯವಂತರೂ ಸೇರಿ ಸೈನಿಕರೆಲ್ಲರೂ. ಮುಂದೆ ನಮ್ಮ ಹಳ್ಳಿಗಳ ನೀರು, ನೈರ್ಮಲ್ಯದ ಬಗ್ಗೆಯೂ ಬರೆದರು. 1910ರ ಆಗಸ್ಟ್ 13ರಂದು ತೀರಿಕೊಂಡರು.

ತಂಗಿಗೆ ಬಂದ ರ‍್ಯಾಂಕ್ ಕೇಳಬೇಡಿ. ಛೇದ ಮಾತ್ರ ಒಂದೂ ತಪ್ಪಲಿಲ್ಲವಂತೆ.