ಬೆಸ್ತರ ಮಾತಿಗೆ ಕಿವಿಗೊಟ್ಟ ವಿದ್ವಾಂಸರು

ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ಪ್ಯಾಟ್ರಿಕ್ ರಸೆಲ್ಲರ ಹೆಸರಿರುವುದನ್ನು ನಮ್ಮಲ್ಲಿ ಹಲವರು ಬಲ್ಲೆವು. ಕೋರಮಂಡಲ ತೀರದ ಮೀನುಗಳಿಗಾಗಿ ಅವರು ಪಟ್ಟ ಶ್ರಮವನ್ನು ಅರಿತವರು ವಿರಳ.

೧೭೨೭ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದ ರಸೆಲ್ಲರು ಸಿರಿಯಾದ ಅಲೆಪ್ಪೊದಲ್ಲಿ ವೈದ್ಯರಾಗಿ ಪ್ಲೇಗಿನ ರೋಗಿಗಳಿಗೆ ಚಿಕಿತ್ಸೆ ಮಾಡಿದರು. ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ತಮ್ಮನೊಡನೆ ವಿಶಾಖಪಟ್ಟಣಕ್ಕೆ ಬಂದರು. ೧೭೮೫ರಲ್ಲಿ ಕಂಪನಿಯು ಅವರನ್ನು ನಿಸರ್ಗವಿಜ್ಞಾನಿಯಾಗಿ ನೇಮಿಸಿತು.

ನಮ್ಮ ಸೆಕೆಯಲ್ಲಿ ಸತ್ತ ಮೀನಿನ ಬಣ್ಣ ಬೇಗನೆ ಮಾಸುವುದು, ಮೈ ಕೊಳೆಯುವುದು. ಆದುದರಿಂದ ರಸೆಲ್ಲರು ದೇಶೀಯ ಚಿತ್ರಕಾರನಿಂದ ಮೀನುಗಳ ಚಿತ್ರ ಬರೆಯಿಸಿ, ಈಜುರೆಕ್ಕೆಗಳ ಕಡ್ಡಿಗಳನ್ನು ಎಣಿಸಿ ವಿವರಗಳನ್ನು ಗುರುತುಹಾಕಿಕೊಂಡರು. ೧೮೦೩ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾದ ಅವರ ಗ್ರಂಥದಲ್ಲಿ ೨೦೦ ಮೀನುಗಳ ಚಿತ್ರಗಳೂ ವರ್ಣನೆಗಳೂ ಇವೆ.

ಹೊಸ ಮೀನುಗಳಿಗೆ ಅವರು ಲ್ಯಾಟಿನ್ ಹೆಸರನ್ನು ಕಟ್ಟಲಿಲ್ಲ. ಊರಿನವರು ಕರೆಯುತ್ತಿದ್ದ ಹೆಸರನ್ನೇ ತಲೆಬರಹವಾಗಿಟ್ಟರು. ವಿಜ್ಞಾನದ ಪದ್ಧತಿಯಲ್ಲಾದರೋ ಮೊದಲು ಲ್ಯಾಟಿನ್ ಕ್ರಮದ ಹೆಸರಿಟ್ಟವರಿಗೇ ಮನ್ನಣೆ. ಮೈಮೇಲೆ ಬೊಟ್ಟುಗಳುಳ್ಳ 'ಬೊಟ್ಲ ಪಾರ' ಎಂಬ ಮೀನಿಗೆ ರಸೆಲ್ಲರ ಗ್ರಂಥವನ್ನೇ ಆಧರಿಸಿ ಜಾರ್ಜ್ ಶಾ ಎಂಬ ವಿದ್ವಾಂಸರು ನಾಮಕರಣ ಮಾಡಿದರು. ಇಂದು ಅದು ಟ್ರಾಕಿನೋಟಸ್ ಬೊಟ್ಲ. ಜೊತೆಗೆ ಬರೆಯುವ ಹೆಸರು ಶಾ ಅವರದು.

೧೮೦೫ರಲ್ಲಿ ರಸೆಲ್ಲರು ತೀರಿಕೊಂಡರು. ಆ ಮನ್ನಣೆ ಅವರಿಗೆ ತಪ್ಪಿತು. ಆದರೆ ತೆಲುಗು ಬೆಸ್ತರ ನುಡಿಯೊಂದು ಲೋಕದ ವಿದ್ವಾಂಸರೆಲ್ಲರ ಬಾಯಲ್ಲಿ ಉಳಿಯಿತು. ಕಡಲನ್ನು ಬಲ್ಲವರಿಂದ ಕೇಳಿ ಕಲಿತ ಆ ವಿನಯವನ್ನು ನಾವು ಮರೆಯದಿರೋಣ.