ಒಡೆದ ಸಿಂಹಾಸನ, ಏರಿದ ಬೆಲೆ

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂತಹ ಊರುಗಳಲ್ಲಿ ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟಿಸುವಾಗ ಅಟ್ಟದಿಂದ ಇಳಿಯುವ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ಗಂಗಾಳಗಳು ನೇರವಾಗಿ ತಕ್ಕಡಿಯನ್ನೇರುತ್ತವೆ. ಕೊಳ್ಳುವವನು ಬೆಲೆ ಕಟ್ಟುವುದು ಲೋಹದ ತೂಕಕ್ಕೆ. ಮೈಮೇಲಿನ ಕೆತ್ತನೆಗೆ ಬೆಲೆಯಿಲ್ಲ, ಅದನ್ನು ಮೂರು ತಲೆಮಾರು ಬಳಸಿದವರ ಹೆಸರಿಗಂತೂ ಇಲ್ಲವೇ ಇಲ್ಲ. ಲಂಡನ್ನಿನ ಹರಾಜು ಕಟ್ಟೆಯ ನ್ಯಾಯ ಇದಕ್ಕೆ ತದ್ವಿರುದ್ಧ. ಅಲ್ಲಿ ಲೋಹಕ್ಕೆ ಬೆಲೆ ಕಡಿಮೆ, ಹೆಸರಿಗೆ ಹೆಚ್ಚು. 2023ರ ಮೇ 23ರಂದು ಬೋನ್‌ಹ್ಯಾಮ್ಸ್ ಸಂಸ್ಥೆಯು ಒಂದು ಉಕ್ಕಿನ ಖಡ್ಗವನ್ನು 1 ಕೋಟಿ 40 ಲಕ್ಷ ಪೌಂಡುಗಳಿಗೆ, ಅಂದರೆ 140 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಮಾರಿತು. ಅಂದಾಜಿಸಿದ್ದ ಬೆಲೆಗಿಂತ ಏಳು ಪಟ್ಟು ಹೆಚ್ಚು. ಭಾರತೀಯ ಹಾಗೂ ಇಸ್ಲಾಮಿ ವಸ್ತುವೊಂದಕ್ಕೆ ಹರಾಜಿನಲ್ಲಿ ಅದುವರೆಗೆ ಅಷ್ಟು ಹಣ ಬಂದಿರಲಿಲ್ಲ. ಆ ಖಡ್ಗ ದೊರೆತದ್ದು ಶ್ರೀರಂಗಪಟ್ಟಣದ ಅರಮನೆಯ ಶಯನಗೃಹದಲ್ಲಿ; ಅದರ ಒಡೆಯ ಟಿಪ್ಪು ಸುಲ್ತಾನ್.

ಬೆಲೆಯ ಬೆರಗನ್ನು ಬದಿಗಿಟ್ಟು, ಆ ವಸ್ತುಗಳ ಹಿಂದಿನ ಬದುಕನ್ನು ಒಮ್ಮೆ ನೆನೆಯುವುದು ಉಚಿತ. ಏಕೆಂದರೆ ಇಂದು ಮಾರಾಟವಾಗುತ್ತಿರುವುದು ಆ ಬದುಕಿನ ಚೂರುಗಳೇ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನು ಮಗುವಿಗೆ ಇಡಲಾಯಿತು. ಸಿಪಾಯಿಯಾಗಿ ಮೈಸೂರಿನ ಚಾಕರಿಗೆ ಸೇರಿ ರಾಜ್ಯದ ಸೂತ್ರವನ್ನೇ ಹಿಡಿದ ತಂದೆ ಹೈದರಾಲಿ ಅಕ್ಷರ ಬಲ್ಲವನಲ್ಲ. ಆದ್ದರಿಂದಲೇ ಮಗನಿಗೆ ಓದು ಬರಹದಲ್ಲಿ ಕೊರತೆಯಾಗದಂತೆ ನೋಡಿಕೊಂಡ. ಹದಿಹರೆಯದಲ್ಲೇ ಯುದ್ಧರಂಗ ಕಂಡ ಟಿಪ್ಪು, 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವನ್ನು ನೆಲಕಚ್ಚಿಸುವಲ್ಲಿ ಮುಖ್ಯ ಪಾತ್ರ ವಹಿಸಿದ. ಭಾರತದಲ್ಲಿ ಇಂಗ್ಲಿಷರು ಅಂಥ ಸೋಲನ್ನು ಅದುವರೆಗೆ ಉಂಡಿರಲಿಲ್ಲ. ಅಂದು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿಯೂ ಒಬ್ಬ. ಆತ ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬಂದ. 1784ರ ಮಂಗಳೂರು ಒಪ್ಪಂದದಲ್ಲಿ ಕಂಪನಿಯು ಅವನೊಡನೆ ಸರಿಸಮನಾಗಿ ಕುಳಿತು ಸಹಿ ಹಾಕಬೇಕಾಯಿತು. ಅನಂತರದ ಹದಿನೈದು ವರ್ಷಗಳ ಆಳ್ವಿಕೆ ಬಿಡುವಿಲ್ಲದ ಯುದ್ಧದ ಕಾಲ, ಹಾಗೆಯೇ ಬಿಡುವಿಲ್ಲದ ಕಟ್ಟುವಿಕೆಯ ಕಾಲ. ಬಂಗಾಳದಿಂದ ರೇಷ್ಮೆಹುಳು ತರಿಸಿದ. ತಂದೆ ಆರಂಭಿಸಿದ ಲಾಲ್‌ಬಾಗನ್ನು ಬೆಳೆಸಿದ. ಹೊಸ ನಾಣ್ಯ, ಹೊಸ ಪಂಚಾಂಗ, ಹೊಸ ಅಳತೆಗಳನ್ನು ಜಾರಿಗೆ ತಂದ. ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದ. 1788ರಲ್ಲಿ ಹದಿನಾರನೆಯ ಲೂಯಿ ಅವರನ್ನು ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡ. ಟಿಪ್ಪು ಅಲ್ಲಿಂದ ಬಯಸಿದ್ದು ಸೈನ್ಯವನ್ನಷ್ಟೇ ಅಲ್ಲ. ಬಂದೂಕು, ಗಡಿಯಾರ, ಪಿಂಗಾಣಿ ತಯಾರಿಸಬಲ್ಲ ಕುಶಲಕರ್ಮಿಗಳನ್ನೂ ಬಯಸಿದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಹಾಗೂ ಬಿದನೂರು ನಗರದಲ್ಲಿ ತಾರಾಮಂಡಲಗಳೆಂಬ ಕಾರ್ಖಾನೆಗಳು ನಡೆದವು. ಅಲ್ಲಿ ತಯಾರಾದ ಬಂದೂಕು, ಖಡ್ಗ, ಫಿರಂಗಿಗಳ ಮೇಲೆಲ್ಲ ಹುಲಿಯ ಪಟ್ಟೆಯ ಗುರುತು. ಹಿಡಿಕೆ ಹುಲಿಯ ತಲೆ, ಫಿರಂಗಿಯ ಬಾಯಿ ಹುಲಿಯ ಬಾಯಿ. ರಾಜ್ಯಕ್ಕೊಂದು ಚಹರೆಯನ್ನು ವಸ್ತುಗಳ ವಿನ್ಯಾಸದಲ್ಲೇ ಮೂಡಿಸಿದ ದೊರೆ ಆ ಶತಮಾನದ ಭಾರತದಲ್ಲಿ ಅಪರೂಪ. ಇಂದು ಹರಾಜುದಾರರು ದೂರದಿಂದಲೇ ಗುರುತಿಸಿ ಬೆಲೆ ಏರಿಸುವುದು ಆ ಪಟ್ಟೆಗಳನ್ನು ನೋಡಿಯೇ.

ಆದರೆ ಆ ಹುಲಿಯ ಪಟ್ಟೆ ಎಲ್ಲರಿಗೂ ಹೆಮ್ಮೆಯ ಗುರುತಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಅದು ಭಯದ ಗುರುತೂ ಆಗಿತ್ತು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನು ಮುತ್ತಿ ಅಲ್ಲಿನ ದೊರೆಯನ್ನು ಸೆರೆಹಿಡಿಯಿತು. ಕಿತ್ತೂರೂ ಅವನ ಕೈಸೇರಿತು. ಮುಂದೆ ರಾಣಿ ಚೆನ್ನಮ್ಮನ ಪತಿಯೆಂದು ಹೆಸರಾದ ಮಲ್ಲಸರ್ಜ ಅವನ ಬಂದಿಯಾದ. ಕೊಡಗು, ಮಲಬಾರುಗಳಲ್ಲಿ ನಡೆದ ದಂಡಯಾತ್ರೆಗಳು, ಕರಾವಳಿಯ ಸಾವಿರಾರು ಕ್ರೈಸ್ತ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದದ್ದು ಇಂದಿಗೂ ಆ ಜನರ ನೆನಪಿನಲ್ಲಿ ಮಾಯದ ಗಾಯಗಳು. ಕಂದಾಯದ ಕಡತಗಳಿಗೆ ಪಾರಸಿಯನ್ನು ತಂದದ್ದೂ ಅವನ ಆಳ್ವಿಕೆಯೇ.

1790ರಲ್ಲಿ ಮೂರನೆಯ ಮೈಸೂರು ಯುದ್ಧ ಆರಂಭವಾದಾಗ ಧಾರವಾಡದ ಕೋಟೆ ಟಿಪ್ಪುವಿನದಾಗಿತ್ತು; 1778ರಲ್ಲಿಯೇ ಹೈದರ್ ಅದನ್ನು ಗೆದ್ದಿದ್ದ. ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಪರಶುರಾಮ ಭಾವೂನ ಮರಾಠಾ ಸೈನ್ಯ ಮತ್ತು ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಸೇರಿ ಆರು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆ ಹಾಕಿದವು. 1791ರ ಏಪ್ರಿಲಿನಲ್ಲಿ ಕೋಟೆ ಶರಣಾಯಿತು. ಅಷ್ಟು ದೊಡ್ಡ ದಂಡು ಆರು ತಿಂಗಳು ಬೀಡುಬಿಟ್ಟರೆ ಸುತ್ತಲಿನ ಹಳ್ಳಿಗಳ ಪಾಡೇನಾಗಿದ್ದೀತೆಂದು ಊಹಿಸಲು ಇತಿಹಾಸಕಾರರೇ ಬೇಕಿಲ್ಲ. ನೆಲದಡಿಯ ಹಗೇವುಗಳಲ್ಲಿ ಜೋಳ ಕೂಡಿಡುತ್ತಿದ್ದ ಸೀಮೆ ಇದು. ಕುದುರೆಯ ಮೇವಿಗೆ, ಸಿಪಾಯಿಯ ಹೊಟ್ಟೆಗೆ ಬಲಿಯಾದದ್ದು ಆ ಜೋಳ. ಆ ಲೂಟಿಯ ಒಂದು ಕಾಳೂ ಯಾವ ಹರಾಜಿಗೂ ಬಂದಿಲ್ಲ.

ಅದೇ ವರ್ಷ ಮರಾಠಾ ದಂಡಿಗೆ ಸೇರಿದ ಪಡೆಯೊಂದು ಶೃಂಗೇರಿಯ ಮಠವನ್ನು ಸೂರೆ ಮಾಡಿತು. ಮಠದ ಪುನಃಸ್ಥಾಪನೆಗೆ ಹಣ, ಸಾಮಗ್ರಿ ಕಳುಹಿಸಿ, ಜಗದ್ಗುರುಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆಸಿದವನು ಟಿಪ್ಪು. ಆ ಪತ್ರಗಳು ಮಠದಲ್ಲಿಯೇ ಉಳಿದಿದ್ದವು. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ನರಗುಂದವನ್ನು ಮುತ್ತಿದ ಕೈ, ಶೃಂಗೇರಿಗೆ ಕಾಣಿಕೆ ಕಳುಹಿಸಿದ ಕೈ ಒಂದೇ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚಿದರೆ ದೊರೆಯುವುದು ಟಿಪ್ಪುವಲ್ಲ, ನಮ್ಮ ನಮ್ಮ ಅನುಕೂಲದ ಗೊಂಬೆ.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಏಳು ವರ್ಷಗಳ ಬಳಿಕ ಕಂಪನಿಯ ಸೈನ್ಯ ಮತ್ತೆ ಬಂತು. 1799ರ ಮೇ 4ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದವನು ಹಿಂದೆ ಅಲ್ಲಿಯೇ ಬಂದಿಯಾಗಿದ್ದ ಡೇವಿಡ್ ಬೇರ್ಡ್. ಟಿಪ್ಪು ಕಾದಾಡುತ್ತಲೇ ಗಾಯಗೊಂಡು ಬಿದ್ದ. ಅವನ ನಡುವಿನ ಬೆಲೆಬಾಳುವ ಪಟ್ಟಿಯನ್ನು ಕಸಿಯಲು ಬಂದ ಸಿಪಾಯಿಯೊಬ್ಬನ ಮೇಲೆ ಕತ್ತಿ ಬೀಸಿದನೆಂದೂ, ಆ ಸಿಪಾಯಿ ಗುಂಡಿಟ್ಟು ಕೊಂದನೆಂದೂ ಅಂದಿನ ವೃತ್ತಾಂತಗಳು ಹೇಳುತ್ತವೆ. ಇದು ನಿಜವಾದರೆ, ಆ ಸಿಪಾಯಿಗೆ ತಾನು ಕೊಂದದ್ದು ಸುಲ್ತಾನನನ್ನೆಂಬ ಅರಿವೂ ಇದ್ದಿರಲಾರದು. ಅವನು ಕಂಡದ್ದು ಒಂದು ಒಡವೆಯನ್ನು ಮಾತ್ರ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಶವವನ್ನು ಗುರುತಿಸಲಾಯಿತು. ಮರುದಿನ ಗುಂಬಜಿನಲ್ಲಿ, ತಂದೆಯ ಪಕ್ಕದಲ್ಲಿ, ಸೈನಿಕ ಗೌರವದೊಡನೆ ದಫನವಾಯಿತು.

ಅಷ್ಟರಲ್ಲಿ ಪಟ್ಟಣ ಸೂರೆಯಾಗಿತ್ತು. ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಆರ್ಥರ್ ವೆಲ್ಲೆಸ್ಲಿಗೆ ಲೂಟಿಯನ್ನು ತಡೆಯಲು ಸಾಧ್ಯವಾದದ್ದು. ಬಳಿಕ ಶಿಸ್ತಿನ ಲೂಟಿ ಆರಂಭವಾಯಿತು. ಗೆದ್ದ ಸಂಪತ್ತನ್ನು ದರ್ಜೆಗನುಸಾರ ಹಂಚಲು ಸಮಿತಿ ಕುಳಿತಿತು. ಒಟ್ಟು ಮೌಲ್ಯ ಹತ್ತು ಲಕ್ಷ ಪೌಂಡುಗಳನ್ನು ಮೀರಿತ್ತು. ಸೇನಾಧಿಪತಿ ಹ್ಯಾರಿಸನ ಪಾಲು ಒಂದು ಲಕ್ಷ ಪೌಂಡಿಗೂ ಮಿಗಿಲು, ಸಾಮಾನ್ಯ ಸಿಪಾಯಿಯ ಪಾಲು ಕೆಲವೇ ಪೌಂಡುಗಳು. ಚಿನ್ನದ ಹಾಳೆ ಹೊದಿಸಿದ ಹುಲಿ ಸಿಂಹಾಸನವನ್ನು ಪಾಲು ಮಾಡುವುದು ಹೇಗೆ? ಒಡೆದರು. ಉಪ್ಪಿನಬೆಟಗೇರಿಯ ಹಂಡೆಯಂತೆ ಅದೂ ಅಂದು ತಕ್ಕಡಿಗೇ ಬಂತು. ದೊಡ್ಡ ಹುಲಿಯ ತಲೆ ಮತ್ತು ಛತ್ರದ ಮೇಲಿದ್ದ ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದವು. ಕಟಾಂಜನದ ಎಂಟು ಚಿಕ್ಕ ಹುಲಿತಲೆಗಳು ದಿಕ್ಕಾಪಾಲಾದವು. ಮರದ ಹುಲಿ ಮರದ ಬಿಳಿಯನ ಮೇಲೆರಗಿ ಗರ್ಜಿಸುವ ಯಂತ್ರದ ಆಟಿಕೆ ಲಂಡನ್ನಿಗೆ ಹೋಗಿ, ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಎರಡು ಸಾವಿರ ಗ್ರಂಥಗಳ ಭಂಡಾರ ಚದುರಿತು. ಸುಲ್ತಾನ ಸ್ವಹಸ್ತದಿಂದ ಬರೆದಿಟ್ಟ ಕನಸುಗಳ ಪುಸ್ತಕ ಕೂಡ ಲಂಡನ್ನಿನಲ್ಲಿದೆ. ಶಯನಗೃಹದ ಖಡ್ಗವನ್ನು ಸೇನೆ ಬೇರ್ಡನಿಗೆ ಉಡುಗೊರೆಯಾಗಿ ಕೊಟ್ಟಿತು. 2023ರಲ್ಲಿ ದಾಖಲೆಯ ಬೆಲೆಗೆ ಹೋದದ್ದು ಇದೇ. ಸೆರೆಯಾಳಿನ ಸೇಡು, ಸುಲ್ತಾನನ ಸೋಲು ಎರಡೂ ಸೇರಿ ಆ ಬೆಲೆಯಾಯಿತು.

ಚೂರುಗಳು ಅಂದಿನಿಂದ ಕೈ ಬದಲಿಸುತ್ತಲೇ ಇವೆ. 2003ರಲ್ಲಿ ವಿಜಯ್ ಮಲ್ಯ ಲಂಡನ್ನಿನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಟಿಪ್ಪುವಿನ ಖಡ್ಗವೊಂದನ್ನು ಕೊಂಡಾಗ ನಾಡು ಸಂಭ್ರಮಿಸಿತು. ಅದನ್ನು ಯಾರಿಗೋ ಕೊಟ್ಟುಬಿಟ್ಟರೆಂಬ ಸುದ್ದಿ 2018ರಲ್ಲಿ ಬಂತು. ಸಿಂಹಾಸನದ ಒಂದು ಚಿಕ್ಕ ಹುಲಿತಲೆ 2009ರಲ್ಲಿ 3,89,600 ಪೌಂಡಿಗೆ ಹೋಯಿತು. ಅಂಥದೇ ಇನ್ನೊಂದಕ್ಕೆ 15 ಲಕ್ಷ ಪೌಂಡು ಬೆಲೆ ಕಟ್ಟಿ, 2021ರಲ್ಲಿ ಅದು ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ನಮ್ಮಿಂದ ಒಯ್ದದ್ದು ತಮ್ಮ ಪರಂಪರೆಯೆಂದು ಅವರು ಕಾಯುತ್ತಾರೆ! 2014ರಲ್ಲಿ ಟಿಪ್ಪುವಿನದೆನ್ನಲಾದ, ರಾಮನಾಮ ಕೆತ್ತಿದ ಉಂಗುರ 1,45,000 ಪೌಂಡಿಗೆ ಬಿಕರಿಯಾಯಿತು. 2015ರಲ್ಲಿ ಒಂದೇ ಸಂಗ್ರಹದ 30 ವಸ್ತುಗಳು 60 ಲಕ್ಷ ಪೌಂಡು ದಾಟಿದವು. 2019ರಲ್ಲಿ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟಿದ್ದ ಆಯುಧಗಳಿಗೂ ಲಕ್ಷ ಪೌಂಡಿನ ಮೇಲೆ ಬಂತು. ಅದೇ ಅಟ್ಟ, ಅದೇ ಹಳೆಯ ಸಾಮಾನು. ಆದರೆ ಅಲ್ಲಿ ತಕ್ಕಡಿ ಬರಲಿಲ್ಲ.

ಇವನ್ನೆಲ್ಲ ಮರಳಿ ಪಡೆಯಬಾರದೇ ಎಂಬ ಪ್ರಶ್ನೆ ಸಹಜ. ಕದ್ದ ಸಾಂಸ್ಕೃತಿಕ ಸ್ವತ್ತನ್ನು ಹಿಂದಿರುಗಿಸುವ ಕುರಿತ 1970ರ ಯುನೆಸ್ಕೊ ಒಪ್ಪಂದ ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ಇಲ್ಲಿಂದ ಹೊರಹೋಗುವುದನ್ನು ತಡೆಯಬಲ್ಲದು, 1799ರಲ್ಲಿ ಹೋದದ್ದನ್ನು ತರಲಾರದು. ಹಣ ತೆತ್ತು ಕೊಳ್ಳೋಣವೆಂದರೆ ಲೂಟಿಯನ್ನು ನಾವೇ ಸಕ್ರಮಗೊಳಿಸಿದಂತೆ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಬುದ್ಧನ ಅಸ್ಥಿಯೊಡನೆ ದೊರೆತಿದ್ದ ಪಿಪ್ರಾಹ್ವಾ ರತ್ನಗಳ ಹರಾಜನ್ನು 2025ರಲ್ಲಿ ಭಾರತ ಸರ್ಕಾರದ ಆಕ್ಷೇಪ ತಡೆಯಿತು; ಅದೇ ವರ್ಷ ಉದ್ಯಮಿಯೊಬ್ಬರ ನೆರವಿನಿಂದ ಅವು ದೇಶಕ್ಕೆ ಮರಳಿದವು. ಅಲ್ಲಿ ನಮ್ಮದೆಂದು ಒಂದೇ ದನಿಯಲ್ಲಿ ಕೇಳುವವರಿದ್ದರು. ಟಿಪ್ಪುವಿನ ವಿಷಯದಲ್ಲಿ ಕರ್ನಾಟಕಕ್ಕೆ ಆ ಒಂದೇ ದನಿಯಿಲ್ಲ. 2015ರಲ್ಲಿ ಸರ್ಕಾರ ಆರಂಭಿಸಿದ ಜಯಂತಿಯನ್ನು 2019ರಲ್ಲಿ ಇನ್ನೊಂದು ಸರ್ಕಾರ ಕೈಬಿಟ್ಟಿತು. ಎರಡೂ ಸಲ ಬೀದಿಗೆ ಬಂದದ್ದು ಜಗಳವೇ ಹೊರತು ಇತಿಹಾಸವಲ್ಲ. ಹುತಾತ್ಮನ ಚೂರು ಒಬ್ಬರಿಗೆ, ಮತಾಂಧನ ಚೂರು ಇನ್ನೊಬ್ಬರಿಗೆ. ಸಿಂಹಾಸನವನ್ನು ಒಡೆದು ಹಂಚಿಕೊಂಡ ಸಮಿತಿಗಿಂತ ನಾವು ಹೆಚ್ಚು ಭಿನ್ನರಲ್ಲ.

ಬೆಲೆ ಕಟ್ಟದ ಟಿಪ್ಪುವೂ ನಮ್ಮಲ್ಲಿ ಉಳಿದಿದ್ದಾನೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯ ಹೂಳಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಮೇಲೆದ್ದವು. ಇಂಗ್ಲಿಷರನ್ನು ಬೆದರಿಸಿ, ಮುಂದೆ ಅವರೇ ಅನುಕರಿಸಿದ ಆಯುಧಗಳವು. ಅವು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಾದವು. ಶೃಂಗೇರಿಯ ಕನ್ನಡ ಪತ್ರಗಳಿವೆ, ಧಾರವಾಡದ ಕಿಲ್ಲೆಯಲ್ಲಿ ಅಳಿದುಳಿದ ಬಾಗಿಲಿದೆ. ಇವಕ್ಕೆ ಹರಾಜು ಕಟ್ಟೆಯಲ್ಲಿ ಬೆಲೆಯಿಲ್ಲದಿರಬಹುದು. ಆ ದೊರೆಯನ್ನು ಇಡಿಯಾಗಿ ಅರಿಯಲು ಬೇಕಾದದ್ದು ಮಾತ್ರ ಇವುಗಳಲ್ಲಿದೆ. ಖಡ್ಗವನ್ನು ಮರಳಿ ತರುವ ಶಕ್ತಿ ನಮಗೆ ಇಂದು ಇಲ್ಲದಿರಬಹುದು. ಆದರೆ ಅದನ್ನು ಹಿಡಿದಿದ್ದವನ ಬದುಕನ್ನು, ಗೆಲುವು ಕ್ರೌರ್ಯ ಔದಾರ್ಯಗಳ ಸಮೇತ, ಮಕ್ಕಳಿಗೆ ಪೂರ್ತಿಯಾಗಿ ಹೇಳಲು ಯಾವ ಒಪ್ಪಂದದ ಅಡ್ಡಿಯೂ ಇಲ್ಲ, ಒಂದು ಪೌಂಡಿನ ಖರ್ಚೂ ಇಲ್ಲ.