ಡೆಬ್ರಾ + ಇಯಾನ್ = ಡೆಬಿಯನ್

ಓಎಸ್ ಲ್ಯಾಬ್‌ನಲ್ಲಿ ಟರ್ಮಿನಲ್ ತೆಗೆದು ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಅಂತ ಒಮ್ಮೆಯಾದ್ರೂ ಟೈಪ್ ಮಾಡದ ಸಿಎಸ್ ವಿದ್ಯಾರ್ಥಿ ನಮ್ಮ ನಡುವೆ ಸಿಗೋದು ಕಷ್ಟ. ಒಂದೇ ಸಾಲು ಹೊಡೆದ್ರೆ ಸಾಕು. ಬೇಕಾದ ಸಾಫ್ಟ್‌ವೇರ್, ಅದಕ್ಕೆ ಬೇಕಾದ ಲೈಬ್ರರಿಗಳು, ಆ ಲೈಬ್ರರಿಗಳಿಗೆ ಬೇಕಾದ ಮತ್ತಷ್ಟು ಲೈಬ್ರರಿಗಳು ಎಲ್ಲವೂ ತಾವಾಗಿಯೇ ಬಂದು ಕೂರುತ್ತವೆ. ಇದಕ್ಕೆ ನಾವು ಯಾರಿಗೂ ಒಂದು ಪೈಸೆ ಕೊಡೋದಿಲ್ಲ. ಹಾಗಾದ್ರೆ ಇದನ್ನೆಲ್ಲ ಕಟ್ಟಿದವರು ಯಾರು? ಅದಕ್ಕೆ ದುಡ್ಡು ಎಲ್ಲಿಂದ ಬಂತು?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಸಿಗುವ ಹೆಸರು ಇಯಾನ್ ಮರ್ಡಾಕ್. ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಶುರು ಮಾಡಿದಾಗ ಆತನಿಗೆ ಬರೀ 20 ವರ್ಷ. ಅಂದ್ರೆ ನಮ್ಮ ಥರ್ಡ್ ಇಯರ್‌ನವರ ವಯಸ್ಸು.

ಇಯಾನ್ ಹುಟ್ಟಿದ್ದು 1973ರ ಏಪ್ರಿಲ್ 28ರಂದು, ಆಗಿನ ಪಶ್ಚಿಮ ಜರ್ಮನಿಯ ಕಾನ್‌ಸ್ಟಾನ್ಸ್ ಎಂಬ ಊರಿನಲ್ಲಿ. ತಂದೆ ತಾಯಿ ಅಮೆರಿಕದವರು. ಬೆಳೆದದ್ದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಅಪ್ಪ ಅಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದ ಪ್ರೊಫೆಸರ್. ಅಪ್ಪನ ಲ್ಯಾಬ್‌ಗೆ ಬಂದ ಆ್ಯಪಲ್ ಕಂಪ್ಯೂಟರ್ ಮೇಲೆ ಹುಡುಗ ಪ್ರೋಗ್ರಾಮಿಂಗ್ ಕಲಿತ. ಮುಂದೆ ಅದೇ ಪರ್ಡ್ಯೂನಲ್ಲಿ ಓದಲು ಸೇರಿದ. ಅಲ್ಲಿ ಯುನಿಕ್ಸ್ ಪರಿಚಯವಾಯ್ತು, ಅದರ ಹಿಂದೆಯೇ ಲಿನಕ್ಸ್ ಕೂಡ.

ಆ ಕಾಲದ ಪರಿಸ್ಥಿತಿ ಸ್ವಲ್ಪ ತಿಳ್ಕೊಳ್ಳೋಣ. ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬಿಡುಗಡೆ ಮಾಡಿದ್ದು 1991ರಲ್ಲಿ. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಯೋಜನೆ 1983ರಲ್ಲೇ ಶುರುವಾಗಿತ್ತು. ಕಂಪೈಲರ್, ಶೆಲ್, ಎಡಿಟರ್ ಎಲ್ಲ ಅಲ್ಲಿಂದ ಬರ್ತಿದ್ವು. ಆದರೆ ಬಿಡಿಭಾಗಗಳಿದ್ದ ಮಾತ್ರಕ್ಕೆ ಗಾಡಿ ಓಡಲ್ಲ, ಯಾರಾದ್ರೂ ಜೋಡಿಸಬೇಕು. ಹಾಗೆ ಜೋಡಿಸಿ ಕೊಡೋದಕ್ಕೇ ಡಿಸ್ಟ್ರಿಬ್ಯೂಷನ್ ಅನ್ನೋದು. ಆಗ ಹೆಚ್ಚು ಜನ ಬಳಸುತ್ತಿದ್ದದ್ದು ಎಸ್ಎಲ್ಎಸ್ ಎಂಬ ಡಿಸ್ಟ್ರಿಬ್ಯೂಷನ್. ಫ್ಲಾಪಿಗಳ ಕಂತೆಯಲ್ಲಿ ಬರುತ್ತಿದ್ದ ಅದರಲ್ಲಿ ಬಗ್‌ಗಳು ಬೇಕಾದಷ್ಟು. ಹೇಳಿದರೂ ಸರಿ ಹೋಗ್ತಿರಲಿಲ್ಲ. ಇಯಾನ್‌ಗೆ ಸಿಟ್ಟು ಬಂತು. ಸಿಟ್ಟು ಎಲ್ಲರಿಗೂ ಬರುತ್ತೆ, ಆದರೆ ಆತ ಬೈದು ಸುಮ್ಮನಾಗಲಿಲ್ಲ.

1993ರ ಆಗಸ್ಟ್ 16ರಂದು ಹೊಸ ಡಿಸ್ಟ್ರಿಬ್ಯೂಷನ್ ಒಂದನ್ನು ಕಟ್ಟುತ್ತಿದ್ದೇನೆ ಅಂತ ಯೂಸ್‌ನೆಟ್‌ನಲ್ಲಿ ಪ್ರಕಟಿಸಿದ. ಆಗಿನ ಗೆಳತಿ ಡೆಬ್ರಾ ಹೆಸರಿನ ಡೆಬ್, ತನ್ನ ಹೆಸರು ಇಯಾನ್, ಎರಡೂ ಸೇರಿ ಡೆಬಿಯನ್ ಆಯ್ತು. ಮುಂದೆ ಅವರಿಬ್ಬರ ಮದುವೆಯಾಯ್ತು, ಎಷ್ಟೋ ವರ್ಷಗಳ ಮೇಲೆ ವಿಚ್ಛೇದನವೂ ಆಯ್ತು. ಹೆಸರು ಮಾತ್ರ ಹಾಗೇ ಉಳೀತು.

ಸ್ವಲ್ಪ ದಿನಕ್ಕೇ ಆತ ಡೆಬಿಯನ್ ಮ್ಯಾನಿಫೆಸ್ಟೋ ಎಂಬ ಬರಹದಲ್ಲಿ ತನ್ನ ಗುರಿಗಳನ್ನು ಬರೆದಿಟ್ಟ. ಅದರ ಸಾರ ಇಷ್ಟು. ಡಿಸ್ಟ್ರಿಬ್ಯೂಷನ್ ಕಟ್ಟೋದು ನೀರಸ ಕೆಲಸ, ಅದಕ್ಕೇ ಯಾರೂ ಶ್ರದ್ಧೆಯಿಂದ ಮಾಡಲ್ಲ. ಒಬ್ಬನೇ ಬಾಗಿಲು ಹಾಕ್ಕೊಂಡು ಮಾಡಿದರೆ ಅದು ಹಾಳಾಗುತ್ತೆ. ಆದ್ದರಿಂದ ಎಲ್ಲರ ಕಣ್ಣೆದುರು, ಎಲ್ಲರ ಕೈ ಸೇರಿ ಕಟ್ಟಬೇಕು. ಲಾಭಕ್ಕಾಗಿ ಮಾಡದಿದ್ದರೂ ಲಾಭಕ್ಕಾಗಿ ಮಾಡುವವರ ಎದುರು ನಿಲ್ಲುವಷ್ಟು ಗಟ್ಟಿ ಇರಬೇಕು.

ಹೇಳೋದು ಸುಲಭ, ಆದರೆ ಸಂಬಳವಿಲ್ಲದ ಜನರಿಂದ ಇಷ್ಟು ದೊಡ್ಡ ಕೆಲಸ ಮಾಡಿಸೋದು ಹೇಗೆ? ಇಲ್ಲಿ ಇಯಾನ್ ಒಳ್ಳೆ ಎಂಜಿನಿಯರ್ ಥರ ಯೋಚನೆ ಮಾಡಿದ. ಇಡೀ ಸಿಸ್ಟಮ್ಮನ್ನು ಪ್ಯಾಕೇಜ್ ಎಂಬ ಸಣ್ಣ ತುಂಡುಗಳಾಗಿ ಒಡೆದ. ಒಂದೊಂದು ಪ್ಯಾಕೇಜ್‌ಗೆ ಒಬ್ಬ ಜವಾಬ್ದಾರ. ತನ್ನ ಆವೃತ್ತಿ ಯಾವುದು, ತನಗೆ ಇನ್ಯಾವ ಪ್ಯಾಕೇಜ್ ಬೇಕು ಅನ್ನೋ ವಿವರವನ್ನು ಪ್ಯಾಕೇಜೇ ಹೊತ್ತುಕೊಂಡಿರುತ್ತೆ. ಇವನ್ನು ನಿಭಾಯಿಸಲು ಡಿಪಿಕೆಜಿ ಎಂಬ ಸಾಧನದ ಮೊದಲ ರೂಪವನ್ನು ಶೆಲ್ ಸ್ಕ್ರಿಪ್ಟ್‌ನಲ್ಲಿ ತಾನೇ ಬರೆದ. ಅದನ್ನು ಮುಂದೆ ಸಿ ಭಾಷೆಯಲ್ಲಿ ಬರೆದದ್ದು ಇಯಾನ್ ಜಾಕ್ಸನ್ ಎಂಬ ಇನ್ನೊಬ್ಬ ಇಯಾನ್. ನಾವು ಹೊಡೆಯುವ ಆ್ಯಪ್ಟ್ ಇವತ್ತಿಗೂ ಡಿಪಿಕೆಜಿ ಮೇಲೇ ನಿಂತಿದೆ.

ನನಗನ್ನಿಸೋದು, ಡೆಬಿಯನ್‌ಗೆ ದುಡ್ಡಿನ ಸಮಸ್ಯೆ ಬಗೆಹರಿದದ್ದು ಅರ್ಧ ಇಲ್ಲೇ. ಕೆಲಸ ದೊಡ್ಡ ಗುಡ್ಡದಂತೆ ಇದ್ದಿದ್ರೆ ಅದನ್ನು ಕಡಿಯೋಕೆ ಸಂಬಳದ ಆಳು ಬೇಕಿತ್ತು. ಬುಟ್ಟಿ ಬುಟ್ಟಿಯಾಗಿ ಹಂಚಿದ್ದರಿಂದ ಓದ್ತಾ ಇರೋ ಹುಡುಗರು, ಬೇರೆ ಕಡೆ ಕೆಲಸ ಮಾಡೋರು, ರಜೆ ದಿನ ಒಂದೆರಡು ಗಂಟೆ ಸಿಕ್ಕೋರು, ಎಲ್ಲರೂ ಒಂದೊಂದು ಬುಟ್ಟಿ ಎತ್ತೋಕೆ ಆಯ್ತು.

ಉಳಿದರ್ಧಕ್ಕೆ ದುಡ್ಡು ಬೇಕೇ ಬೇಕು. ಸರ್ವರ್, ಡಿಸ್ಕ್, ನೆಟ್‌ವರ್ಕ್ ಪುಕ್ಕಟೆ ಬೆಳೆಯಲ್ಲ. ಸ್ಟಾಲ್‌ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ 1994ರ ನವೆಂಬರ್‌ನಿಂದ 1995ರ ನವೆಂಬರ್‌ವರೆಗೆ ಒಂದು ವರ್ಷ ಡೆಬಿಯನ್‌ಗೆ ಪ್ರಾಯೋಜಕತ್ವ ಕೊಟ್ಟಿತು. ಆಮೇಲೆ ಆ ಆಸರೆ ನಿಂತಿತು. ಸಾಲದ್ದಕ್ಕೆ, 1.0 ಆವೃತ್ತಿ ಇನ್ನೂ ತಯಾರಾಗುತ್ತಿರುವಾಗಲೇ ಸಿ.ಡಿ. ಮಾರುವ ಕಂಪನಿಯೊಂದು ಅರೆಬೆಂದ ಪ್ರತಿಯನ್ನೇ 1.0 ಎಂದು ಮಾರಿಬಿಟ್ಟಿತು. ಗೊಂದಲ ತಪ್ಪಿಸಲು ತಂಡ ಆ ಸಂಖ್ಯೆಯನ್ನೇ ಕೈಬಿಟ್ಟಿತು. ಹಾಗಾಗಿ ಡೆಬಿಯನ್ 1.0 ಎಂಬುದು ಇಲ್ಲವೇ ಇಲ್ಲ. 1996ರ ಜೂನ್‌ನಲ್ಲಿ ನೇರವಾಗಿ 1.1 ಬಂತು, ಅದರಲ್ಲಿ 474 ಪ್ಯಾಕೇಜ್‌ಗಳಿದ್ದವು.

ಅಷ್ಟೊತ್ತಿಗೆ ಇಯಾನ್ ನಾಯಕನ ಸ್ಥಾನ ಬಿಟ್ಟಾಗಿತ್ತು. 1996ರಲ್ಲಿ ಬ್ರೂಸ್ ಪೆರೆನ್ಸ್ ಜವಾಬ್ದಾರಿ ತಗೊಂಡರು. ಅದೇ ವರ್ಷ ಇಯಾನ್ ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿದ. ತಾನು ಹುಟ್ಟುಹಾಕಿದ್ದನ್ನು ಎರಡೂವರೆ ವರ್ಷಕ್ಕೇ ಇನ್ನೊಬ್ಬರ ಕೈಗೆ ಕೊಡೋದು ಸಣ್ಣ ಮಾತಲ್ಲ. ನಮ್ಮ ಕ್ಲಬ್‌ಗಳಲ್ಲಿ ಸೀನಿಯರ್ ಹೊರಟ ತಕ್ಷಣ ಎಷ್ಟು ಪ್ರಾಜೆಕ್ಟ್ ಮಲಗಿಬಿಡ್ತವೆ ನೋಡಿ. ಡೆಬಿಯನ್ ಮಲಗಲಿಲ್ಲ.

ಪೆರೆನ್ಸ್ ಕಾಲದಲ್ಲಿ ಎರಡು ಮುಖ್ಯ ಕೆಲಸ ಆದವು. 1997ರ ಜೂನ್‌ನಲ್ಲಿ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯ್ತು. ಡೆಬಿಯನ್ ತಾನೇ ಕಂಪನಿಯಲ್ಲ, ಬ್ಯಾಂಕ್ ಖಾತೆ ಹೊಂದುವಂಥ ಸಂಸ್ಥೆಯೂ ಅಲ್ಲ. ಜನ ಕೊಟ್ಟ ದೇಣಿಗೆಯನ್ನು ಇಂಥ ನಂಬಿಕಸ್ಥ ಸಂಸ್ಥೆಗಳು ಅದರ ಪರವಾಗಿ ಇಟ್ಟುಕೊಳ್ಳುತ್ತವೆ. ಹಾರ್ಡ್‌ವೇರ್‌ಗೆ, ಸಮ್ಮೇಳನಗಳಿಗೆ, ಸ್ವಯಂಸೇವಕರ ಪ್ರಯಾಣಕ್ಕೆ ಅಲ್ಲಿಂದ ಖರ್ಚಾಗುತ್ತೆ. ಎರಡನೆಯದು, ಅದೇ ಜುಲೈನಲ್ಲಿ ಒಪ್ಪಿಕೊಂಡ ಡೆಬಿಯನ್ ಸಾಮಾಜಿಕ ಒಪ್ಪಂದ. ಸಿಸ್ಟಮ್ ಯಾವತ್ತೂ ಮುಕ್ತವಾಗಿಯೇ ಇರುತ್ತೆ, ದೋಷಗಳನ್ನು ಮುಚ್ಚಿಡಲ್ಲ, ಬಳಸುವವರ ಹಿತವೇ ಮೊದಲು ಅನ್ನೋ ಮಾತು ಕೊಡುವ ಪತ್ರ ಅದು. ಅದರ ಜೊತೆಗಿದ್ದ ಮಾರ್ಗಸೂಚಿಯೇ 1998ರಲ್ಲಿ ಓಪನ್ ಸೋರ್ಸ್ ಎಂಬುದರ ಅಧಿಕೃತ ವ್ಯಾಖ್ಯಾನಕ್ಕೆ ಮೂಲವಾಯ್ತು.

ದುಡ್ಡು ಕೊಟ್ಟು ಕೆಲಸ ಬೇಗ ಮಾಡಿಸೋ ಪ್ರಯತ್ನವೂ ಒಮ್ಮೆ ನಡೀತು. 2006ರಲ್ಲಿ ಎಚ್ ಎಂಬ ಆವೃತ್ತಿ ಡಿಸೆಂಬರ್‌ಗೆ ಬರಲಿ ಅಂತ ಬಿಡುಗಡೆ ನೋಡಿಕೊಳ್ಳುವ ಇಬ್ಬರಿಗೆ ಸಂಬಳ ಕೊಡಲು ಕೆಲವರು ದೇಣಿಗೆ ಎತ್ತಿದರು. ಉಳಿದ ಸ್ವಯಂಸೇವಕರಲ್ಲಿ ಹಲವರಿಗೆ ಬೇಸರವಾಯ್ತು. ಇಬ್ಬರ ಬೆವರಿಗೆ ಬೆಲೆ, ನಮ್ಮದಕ್ಕೆ ಯಾಕಿಲ್ಲ ಅನ್ನೋ ಪ್ರಶ್ನೆ ಎದ್ದಿತು. ಕೊನೆಗೆ ಎಚ್ ಬಂದದ್ದು 2007ರ ಏಪ್ರಿಲ್ 8ಕ್ಕೆ. ದುಡ್ಡು ಇಲ್ಲದಿದ್ರೆ ಒಂದು ಕಷ್ಟ, ಕೆಲವರಿಗೆ ಮಾತ್ರ ಸಿಕ್ಕಿದ್ರೆ ಇನ್ನೊಂದು ಕಷ್ಟ.

ಇತ್ತ ಇಯಾನ್ ಡೆಬಿಯನ್ ಅನ್ನೇ ನಂಬಿ ವ್ಯಾಪಾರ ಮಾಡಬಹುದಾ ಅಂತ ನೋಡಿದ. ಇಂಡಿಯಾನಾಪೊಲಿಸ್‌ನಲ್ಲಿ ಪ್ರೊಜೆನಿ ಎಂಬ ಕಂಪನಿ ಕಟ್ಟಿದ. 2001ರಲ್ಲಿ ಡೆಬಿಯನ್ ಆಧಾರಿತ ಡಿಸ್ಟ್ರಿಬ್ಯೂಷನ್ ತಂದ, ಅದು ಬಹಳ ದಿನ ನಡೀಲಿಲ್ಲ. ಕಂಪನಿಯೂ 2007ರಲ್ಲಿ ಬಾಗಿಲು ಹಾಕಿತು. ಈ ನಡುವೆ 2004ರ ಅಕ್ಟೋಬರ್‌ನಲ್ಲಿ ಮಾರ್ಕ್ ಶಟಲ್‌ವರ್ತ್ ತಮ್ಮದೇ ಹಣ ಸುರಿದು ಡೆಬಿಯನ್ ಮೇಲೆ ಉಬುಂಟು ಕಟ್ಟಿದರು, ಅದು ಮನೆಮಾತಾಯ್ತು. 2007ರಲ್ಲಿ ಇಯಾನ್ ಸನ್ ಮೈಕ್ರೋಸಿಸ್ಟಮ್ಸ್ ಸೇರಿ ಪ್ರಾಜೆಕ್ಟ್ ಇಂಡಿಯಾನಾ ಎಂಬ ಯೋಜನೆಯನ್ನು ಮುನ್ನಡೆಸಿದ. ಅದರ ಫಲ ಓಪನ್ ಸೋಲಾರಿಸ್, 2008ರ ಮೇ ತಿಂಗಳಲ್ಲಿ ಹೊರಬಂತು. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡಿತು, ಅದೇ ವರ್ಷ ಓಪನ್ ಸೋಲಾರಿಸ್ ನಿಂತಿತು.

ಇದನ್ನು ಡೆಬಿಯನ್ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕೆ ದೊಡ್ಡ ಕಂಪನಿಯ ಸಂಬಳ, ಕಟ್ಟಡ, ಎಂಜಿನಿಯರ್‌ಗಳು ಎಲ್ಲ ಇತ್ತು. ಮಾಲೀಕ ಬದಲಾದ, ಯೋಜನೆ ಹೋಯ್ತು. ಇನ್ನೊಂದಕ್ಕೆ ಮಾಲೀಕನೇ ಇರಲಿಲ್ಲ, ಹಾಗಾಗಿ ಅದನ್ನು ಕೊಳ್ಳೋರೂ ಇಲ್ಲ, ಮುಚ್ಚೋರೂ ಇಲ್ಲ. ಎರಡರ ಹಿಂದೆಯೂ ಇದ್ದದ್ದು ಒಬ್ಬನೇ ಮನುಷ್ಯ.

2015ರಲ್ಲಿ ಇಯಾನ್ ಡಾಕರ್ ಕಂಪನಿ ಸೇರಿದ. ಆ ವರ್ಷ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ವಯಸ್ಸು 42. ಅದು ಆತ್ಮಹತ್ಯೆ ಎಂದು ನಂತರ ಅಧಿಕೃತ ವರದಿ ಬಂತು. ಎಲ್ಲರೂ ಸೇರಿ ಕಟ್ಟೋದು ಹೇಗೆ ಅಂತ ಲೋಕಕ್ಕೆ ತೋರಿಸಿದವನು ಕೊನೆಯ ದಿನಗಳಲ್ಲಿ ಒಬ್ಬಂಟಿಯಾದನೇನೋ ಅನ್ನಿಸಿ ಮನಸ್ಸು ಭಾರವಾಗುತ್ತೆ. ಪಕ್ಕದ ರೂಮಿನ ಗೆಳೆಯ ನಾಲ್ಕು ದಿನದಿಂದ ಸುಮ್ಮನಿದ್ರೆ ಹೋಗಿ ಬಾಗಿಲು ತಟ್ಟಿ. ನಿಮಗೇ ಹಾಗನ್ನಿಸ್ತಿದ್ರೆ ಯಾರ ಹತ್ರ ಆದ್ರೂ ಬಾಯ್ಬಿಟ್ಟು ಹೇಳಿ.

2017ರ ಜೂನ್‌ನಲ್ಲಿ ಬಂದ ಡೆಬಿಯನ್ 9 ಆವೃತ್ತಿಯನ್ನು ತಂಡ ಇಯಾನ್ ನೆನಪಿಗೆ ಅರ್ಪಿಸಿತು. 474 ಇದ್ದ ಪ್ಯಾಕೇಜ್‌ಗಳು ಈಗ 60 ಸಾವಿರ ದಾಟಿವೆ. ಉಬುಂಟು, ರಾಸ್ಪ್‌ಬೆರಿ ಪೈ ಓಎಸ್ ಎರಡರ ಬುಡವೂ ಡೆಬಿಯನ್ನೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪ್‌ಗಳಿಗೂ 2013ರಲ್ಲಿ ಇದನ್ನು ಹಾಕಿದರು. ಅದರ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ 2023ರಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೀತು. ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿ ತೆಗೆದರೆ ಅಲ್ಲಿ ಕನ್ನಡವೂ ಇದೆ. ಅದನ್ನು ಅನುವಾದ ಮಾಡಿದವರಾರೋ, ಯಾವ ರಾತ್ರಿ ಕೂತು ಮಾಡಿದರೋ. ಅದೂ ಒಂದು ಬುಟ್ಟಿ ಮಣ್ಣು.

ಮುಂದಿನ ಸಲ ಲ್ಯಾಬ್‌ನಲ್ಲಿ ಏನಾದ್ರೂ ಇನ್‌ಸ್ಟಾಲ್ ಮಾಡುವಾಗ ಪರದೆ ಮೇಲೆ ಓಡುವ ಫೈಲ್ ಹೆಸರುಗಳ ಬಾಲ ಗಮನಿಸಿ. ಚುಕ್ಕೆ ಡೆಬ್ ಅಂತಿರುತ್ತೆ. ಅದು ಡೆಬ್ರಾ ಹೆಸರು. ಬುಟ್ಟಿ ಎತ್ತೋಕೆ ಈಗಲೂ ಜನ ಬೇಕಾಗಿದ್ದಾರೆ. ಸಂಬಳ ಇಲ್ಲ, ಆದರೆ ನಿಮ್ಮ ಹೆಸರು ಇರುತ್ತೆ.